ಒಂದು ರಾತ್ರಿಯಲ್ಲಿ ಸಾಯುವ ಟಿ ಕೋಶಗಳು: ಎಚ್‌ಐವಿಯ ಮೊದಲ ವಾರಗಳ ಸ್ಯಾಂಪಲ್ ಜೊತೆ ನನ್ನ ಅನುಭವ

ಎಚ್‌ಐವಿ ತಗುಲಿ ಎರಡು-ಮೂರು ವಾರವಷ್ಟೇ ಆದವರ ರಕ್ತ ಲ್ಯಾಬಿಗೆ ಬರುವುದು ತೀರಾ ಅಪರೂಪ. ಆ ಹೊತ್ತಿಗೆ ಅವರಿಗೇ ವಿಷಯ ಗೊತ್ತಿರುವುದಿಲ್ಲ ಅಲ್ವಾ? ಜ್ವರ, ಗಂಟಲು ನೋವು, ಮೈಮೇಲೆ ದದ್ದು ಬಂದರೂ ಫ್ಲೂ ಇರಬೇಕು ಅಂತ ಸುಮ್ನಾಗುತ್ತಾರೆ. ವೈರಸ್ ಒಳಗೆ ಹೊಕ್ಕ ಮೇಲೆ ಸುಮಾರು 10 ದಿನ ರಕ್ತದಲ್ಲಿ ಅದರ ಆರ್‌ಎನ್‌ಎ ಕೂಡ ಸಿಗುವುದಿಲ್ಲ. ಪ್ರತಿಕಾಯ ಹುಡುಕುವ ಟೆಸ್ಟ್ ಪಾಸಿಟಿವ್ ಆಗಲು ಅದಕ್ಕಿಂತಲೂ ಜಾಸ್ತಿ ದಿನ ಬೇಕು.

ಹಾಗಾಗಿ ರಕ್ತಕೋಶಗಳನ್ನು ಫ್ರೀಜ್ ಮಾಡಿಟ್ಟ ಅಂಥ ವಯಲ್‌ಗಳು ನನ್ನ ಕೈಗೆ ಬಂದಾಗ ತುಂಬಾ ಜೋಪಾನವಾಗಿ ಕೆಲಸ ಶುರು ಮಾಡಿದೆ. ಒಬ್ಬರದೇ ರಕ್ತ, ಬೇರೆ ಬೇರೆ ವಾರಗಳಲ್ಲಿ ತೆಗೆದದ್ದು. ಲಿಕ್ವಿಡ್ ನೈಟ್ರೋಜನ್‌ನಿಂದ ವಯಲ್ ತೆಗೆದು 37 ಡಿಗ್ರಿ ನೀರಿನಲ್ಲಿ ಮೆಲ್ಲಗೆ ಆಡಿಸಬೇಕು. ಮಧ್ಯದಲ್ಲಿ ಚಿಕ್ಕ ಐಸ್ ಚೂರು ಉಳಿದಿರುವಾಗಲೇ ಹೊರಗೆ ತೆಗೆಯಬೇಕು, ಬೆಚ್ಚಗಿನ ಮೀಡಿಯಂ ಹನಿಹನಿಯಾಗಿ ಸೇರಿಸಬೇಕು. ಫ್ರೀಜ್ ಮಾಡುವಾಗ ಹಾಕಿದ ಡಿಎಂಎಸ್‌ಒ ಬೇಗ ತೊಳೆದು ಹೋಗದಿದ್ದರೆ ಕೋಶಗಳಿಗೆ ವಿಷ. ಇದನ್ನೆಲ್ಲ ಸರಿಯಾಗಿಯೇ ಮಾಡಿದೆ. ಆಮೇಲೆ ಎಂದಿನ ಅಭ್ಯಾಸದಂತೆ ಕೋಶಗಳನ್ನು ಒಂದು ರಾತ್ರಿ ಇನ್‌ಕ್ಯುಬೇಟರಿನಲ್ಲಿ ಸುಧಾರಿಸಿಕೊಳ್ಳಲು ಬಿಟ್ಟು, ಮಾರನೇ ದಿನ ಎಲಿಸ್ಪಾಟ್ ಪ್ಲೇಟಿಗೆ ಹಾಕಿದೆ.

ಎಲಿಸ್ಪಾಟ್ ಅಂದರೆ ಇಷ್ಟೇ. ಪ್ಲೇಟಿನ ಪ್ರತಿ ಗುಳಿಯಲ್ಲಿ ಕೋಶಗಳ ಜೊತೆ ವೈರಸ್ಸಿನ ಪ್ರೋಟೀನ್ ತುಣುಕು, ಅಂದರೆ ಪೆಪ್ಟೈಡ್, ಹಾಕುತ್ತೇವೆ. ಆ ತುಣುಕನ್ನು ಗುರುತು ಹಿಡಿದ ಟಿ ಕೋಶ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕೋಶ) ಇಂಟರ್‌ಫೆರಾನ್ ಗಾಮಾ ಬಿಡುತ್ತದೆ, ಅದು ಕೂತ ಜಾಗದಲ್ಲೇ ಒಂದು ನೀಲಿ ಚುಕ್ಕಿ ಮೂಡುತ್ತದೆ. ಚುಕ್ಕಿ ಎಣಿಸಿದರೆ ಎಷ್ಟು ಕೋಶಗಳು ಉತ್ತರ ಕೊಟ್ಟವು ಅಂತ ಗೊತ್ತಾಗುತ್ತದೆ.

ನನ್ನ ಪ್ಲೇಟಿನಲ್ಲಿ ಮೂರನೇ ವಾರದ ಸ್ಯಾಂಪಲ್ಲಿಗೆ ಚುಕ್ಕಿಗಳೇ ಇಲ್ಲ ಅನ್ನುವಷ್ಟು ಕಡಿಮೆ. ತಿಂಗಳುಗಳ ನಂತರದ ಸ್ಯಾಂಪಲ್ ಚೆನ್ನಾಗಿಯೇ ಬಂದಿತ್ತು. 'ಈ ವ್ಯಕ್ತಿಯಲ್ಲಿ ಟಿ ಕೋಶಗಳು ತಡವಾಗಿ ಎದ್ದಿವೆ' ಅಂತ ನೋಟ್‌ಬುಕ್ಕಿನಲ್ಲಿ ಬರೆದುಬಿಟ್ಟೆ. ಅದು ತಪ್ಪು.

ನನ್ನನ್ನು ಕಾಡಿದ್ದು ವೈರಲ್ ಲೋಡಿನ, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣದ, ಗ್ರಾಫ್. ಶುರುವಿನಲ್ಲಿ ಒಂದು ಮಿಲಿಲೀಟರಿಗೆ 10 ಲಕ್ಷ ಕಾಪಿ ದಾಟಿದ್ದು, ಅದೇ ಮೂರನೇ ವಾರದಿಂದ ಸರ್ರನೆ ಇಳಿದಿತ್ತು. ಚಿಕಿತ್ಸೆ ಇನ್ನೂ ಶುರುವಾಗಿರಲಿಲ್ಲ. ಹಾಗಾದರೆ ಇಳಿಸಿದ್ದು ಯಾರು? ವೈರಸ್ ಹೊಗಬಹುದಾದ ಸಿಡಿ4 ಕೋಶಗಳು, ಅದರಲ್ಲೂ ಕರುಳಿನಲ್ಲಿರುವವು, ಆ ವಾರಗಳಲ್ಲಿ ಅಪಾರವಾಗಿ ನಾಶವಾಗುತ್ತವೆ, ಅದೂ ಒಂದು ಕಾರಣ ನಿಜ. ಆದರೆ 1999ರಲ್ಲೇ ಮಂಗಗಳಲ್ಲಿ ತೋರಿಸಿದ್ದಾರೆ: ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಸಿಡಿ8 ಟಿ ಕೋಶಗಳನ್ನು ತೆಗೆದುಹಾಕಿದರೆ ಎಸ್‌ಐವಿ (ಮಂಗಗಳಿಗೆ ತಗುಲುವ, ಎಚ್‌ಐವಿಯಂಥದೇ ವೈರಸ್) ಹಿಡಿತಕ್ಕೆ ಸಿಗುವುದಿಲ್ಲ, ಆ ಕೋಶಗಳು ಮರಳಿ ಬಂದಾಗ ಮತ್ತೆ ಇಳಿಯುತ್ತದೆ. ಹೀಗಿರುವಾಗ ನನ್ನ ಖಾಲಿ ಪ್ಲೇಟನ್ನು ನಂಬುವುದು ಹೇಗೆ?

ಉಳಿದಿದ್ದ ಒಂದೇ ವಯಲ್ ತೆಗೆದೆ. ಈ ಸಲ ರಾತ್ರಿ ಇಡಲಿಲ್ಲ. ಕರಗಿಸಿದ ಕೂಡಲೇ ಟೆಟ್ರಾಮರ್ ಹಾಕಿದೆ. ಅದು ಒಂದು ನಿರ್ದಿಷ್ಟ ಪೆಪ್ಟೈಡನ್ನು ಹಿಡಿದಿರುವ ಎಚ್‌ಎಲ್‌ಎ ಅಣುಗಳ (ಪೆಪ್ಟೈಡನ್ನು ಟಿ ಕೋಶಕ್ಕೆ ತೋರಿಸುವ ಅಣುಗಳು, ಒಬ್ಬೊಬ್ಬರಲ್ಲಿ ಒಂದೊಂದು ಬಗೆ) ಗುಚ್ಛ, ಮೇಲೆ ಬಣ್ಣ ಅಂಟಿಸಿರುತ್ತದೆ. ಕೋಶ ಏನಾದರೂ ಕೆಲಸ ಮಾಡಿ ತೋರಿಸಲಿ ಅಂತ ಇದು ಕಾಯುವುದಿಲ್ಲ, ಸರಿಯಾದ ರಿಸೆಪ್ಟರ್ ಇದ್ದರೆ ಸಾಕು, ಹೋಗಿ ಅಂಟಿಕೊಳ್ಳುತ್ತದೆ. ಈ ವ್ಯಕ್ತಿಗೆ ಎಚ್‌ಎಲ್‌ಎ ಬಿ57 ಎಂಬ ಬಗೆ ಇತ್ತು, ಅದಕ್ಕೆ ಹೊಂದುವ, ವೈರಸ್ಸಿನ ಗ್ಯಾಗ್ ಎಂಬ ಪ್ರೋಟೀನಿನ ಪೆಪ್ಟೈಡಿನ ಟೆಟ್ರಾಮರ್ ನಮ್ಮಲ್ಲಿತ್ತು. ಬಣ್ಣ ನೋಡಿ ಕೋಶಗಳನ್ನು ಒಂದೊಂದಾಗಿ ಎಣಿಸುವ ಫ್ಲೋ ಸೈಟೋಮೀಟರಿನ ಪರದೆಯಲ್ಲಿ ಬಲಗಡೆ ಟೆಟ್ರಾಮರ್ ಅಂಟಿದ ಕೋಶಗಳ ಒಂದು ದಟ್ಟ ಗುಂಪು ಮೆಲ್ಲಗೆ ತುಂಬಿಕೊಳ್ಳುತ್ತಾ ಬಂತು. ಕೋಶ ಎಚ್ಚೆತ್ತಿರುವುದರ ಗುರುತುಗಳಾದ ಸಿಡಿ38, ಎಚ್‌ಎಲ್‌ಎ-ಡಿಆರ್ ಎರಡೂ ಜೋರಾಗಿವೆ, ಅಂದರೆ ಕೋಶಗಳು ಪೂರ್ತಿ ಎಚ್ಚೆತ್ತಿವೆ. ಬಿಸಿಎಲ್-2 ಮಾತ್ರ ತಳದಲ್ಲಿದೆ. ಕೋಶ ಸಾಯದಂತೆ ಕಾಯುವ ಪ್ರೋಟೀನ್ ಅದು. ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ.

ಸೈನ್ಯ ಬಂದಿತ್ತು, ಆ ಒಂದು ರಾತ್ರಿಯಲ್ಲಿ ನಾನೇ ಅದನ್ನು ಕಳೆದುಕೊಂಡಿದ್ದೆ. ಇಷ್ಟು ವೇಗವಾಗಿ ಬೆಳೆದ ಕೋಶಗಳು ದೇಹದ ಹೊರಗೆ ತಾವಾಗಿಯೇ ಸಾಯುತ್ತವೆ. ರಾತ್ರಿ ಇಡದೆ ನೇರ ಪ್ಲೇಟಿಗೆ ಹಾಕಿದ್ದರೂ ಅಲ್ಲಿಯೂ ಇಡೀ ರಾತ್ರಿ ಕಳೆಯಬೇಕು. ಬದುಕಿ ಉಳಿದವುಗಳಲ್ಲೂ ಇಂಟರ್‌ಫೆರಾನ್ ಬಿಡುವವು ಕಡಿಮೆ. ಡರ್ಬನ್‌ನಲ್ಲಿ ಯುವತಿಯರನ್ನು ವಾರಕ್ಕೆ ಎರಡು ಸಲ ಪರೀಕ್ಷಿಸಿ ತೀರಾ ಶುರುವಿನಲ್ಲೇ ಸೋಂಕು ಹಿಡಿದ 'ಫ್ರೆಶ್' ಅಧ್ಯಯನದವರು 2015ರಲ್ಲಿ ಬರೆದದ್ದೂ ಇದನ್ನೇ: ಎಚ್‌ಐವಿಯನ್ನೇ ಗುರಿಯಾಗಿಸಿದ ಸಿಡಿ8 ಕೋಶಗಳು ದಂಡಿಯಾಗಿ ಏಳುತ್ತವೆ, ಬಿಸಿಎಲ್-2 ಕಡಿಮೆ, ಬೇಗ ಸಾಯುತ್ತವೆ, ಇಂಟರ್‌ಫೆರಾನ್ ಅಳೆದರೆ ಅವು ಕಾಣುವುದೇ ಕಷ್ಟ. ಮೊದಲೇ ಗಮನ ಕೊಟ್ಟು ಓದಿದ್ದರೆ ಒಂದು ವಯಲ್ ಉಳಿಯುತ್ತಿತ್ತು ಅನ್ನುವ ನೋವು ಈಗಲೂ ಇದೆ.

ನಂತರದ ತಿಂಗಳುಗಳ ಸ್ಯಾಂಪಲ್‌ನಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಅದೇ ಪೆಪ್ಟೈಡಿಗೆ ಕೋಶಗಳು ಇನ್ನೂ ಉತ್ತರ ಕೊಡುತ್ತಿದ್ದವು, ಆದರೆ ವ್ಯಕ್ತಿಯ ರಕ್ತದಲ್ಲಿದ್ದ ವೈರಸ್ಸಿನ ಸೀಕ್ವೆನ್ಸ್ ಬದಲಾಗಿತ್ತು. ಗ್ಯಾಗ್‌ನ 242ನೇ ಜಾಗದಲ್ಲಿ ಥ್ರಿಯೋನಿನ್ ಎಂಬ ಅಮೈನೋ ಆಮ್ಲ ಹೋಗಿ ಆಸ್ಪರಜೀನ್ ಬಂದಿತ್ತು. ಬಿ57 ಇರುವವರಲ್ಲಿ ವೈರಸ್ ತಪ್ಪಿಸಿಕೊಳ್ಳುವ ಗುರುತಾದ ದಾರಿ ಇದು. ಪ್ಲೇಟಿನಲ್ಲಿ ನಾನು ಹಾಕಿದ್ದು ಹಳೆಯ ರೂಪದ ಪೆಪ್ಟೈಡ್, ಕೋಶಗಳು ಉತ್ತರ ಕೊಟ್ಟದ್ದು ಆಗಲೇ ಮರೆಯಾಗಿದ್ದ ವೈರಸ್ಸಿಗೆ! ಸಮಾಧಾನದ ವಿಷಯ ಅಂದರೆ, ಈ ಬದಲಾವಣೆಗೆ ವೈರಸ್ಸೂ ಬೆಲೆ ತೆರುತ್ತದೆ, ಅದರ ಬೆಳವಣಿಗೆ ಸ್ವಲ್ಪ ಕುಂಠಿತವಾಗುತ್ತದೆ. ಬಿ57 ಇಲ್ಲದವರಿಗೆ ಅದು ದಾಟಿದಾಗ ಮತ್ತೆ ಹಳೆಯ ರೂಪಕ್ಕೆ ತಿರುಗುವುದು ಅದಕ್ಕೇ.

ಈಗ ನನ್ನ ಪದ್ಧತಿಯೇ ಬೇರೆ. ಶುರುವಿನ ವಾರಗಳ ವಯಲ್ ಕರಗಿಸಿದರೆ ಟೆಟ್ರಾಮರ್ ಮತ್ತು ಬಿಸಿಎಲ್-2 ಅದೇ ಗಂಟೆಯಲ್ಲಿ. ಇಂಟರ್‌ಫೆರಾನ್ ನೋಡಲೇಬೇಕು ಅಂದರೆ ಆರು ಗಂಟೆಯ ಪ್ರಯೋಗ, ರಾತ್ರಿಯಿಡೀ ಅಲ್ಲ. ಪೆಪ್ಟೈಡ್ ಆರಿಸುವ ಮೊದಲು ಅದೇ ದಿನದ ಪ್ಲಾಸ್ಮಾದಿಂದ ವೈರಸ್ಸಿನ ಸೀಕ್ವೆನ್ಸ್ ಮಾಡಿಸುತ್ತೇನೆ, ಹಳೆಯ ರೂಪ, ಹೊಸ ರೂಪ ಎರಡನ್ನೂ ಅಕ್ಕಪಕ್ಕದ ಗುಳಿಗಳಲ್ಲಿ ಹಾಕುತ್ತೇನೆ. ಆ ಹಳೆಯ ನೋಟ್‌ಬುಕ್ಕಿನ ಸಾಲನ್ನು ಅಳಿಸಿಲ್ಲ. ಒಂದು ಗೆರೆ ಎಳೆದು, ಪಕ್ಕದಲ್ಲಿ ಟೆಟ್ರಾಮರ್ ಚಿತ್ರ ಅಂಟಿಸಿ, ತಾರೀಖು ಹಾಕಿದ್ದೇನೆ.