ನಾಲೆ ಏರಿ ಕೆಸರಲ್ಲಿ ಫ್ರಂಟ್ ವೀಲ್ ಡ್ರೈವ್ ಕಾರು: ನನ್ನ ಅನುಭವ

ಮಂಡ್ಯ ಕಡೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಮಳೆಗಾಲದಲ್ಲಿ ಸಣ್ಣ ಕಾರು ಓಡಿಸೋರೆಲ್ಲ ಮುಂದಿನ ಟೈರನ್ನೇ ನೋಡ್ತಾರೆ. ಫ್ರಂಟ್ ವೀಲ್ ಡ್ರೈವ್ ಅಂದರೆ ಕಾರನ್ನು ಎಳೆಯೋದು ಅದೇ, ಎಂಜಿನ್ ಭಾರ ಕೂತಿರೋದೂ ಅದರ ಮೇಲೆ. ಹಾಗಾಗಿ ಹೇಗೋ ಎಳೆದುಕೊಂಡು ಹೋಗುತ್ತೆ. ನನಗೆ ಭಯ ಹಿಂದಿನ ಚಕ್ರದ್ದು. ಬ್ರೇಕ್ ಒತ್ತಿದ ಕೂಡಲೇ ಭಾರ ಮುಂದಕ್ಕೆ ಬಂದು ಹಿಂದುಗಡೆ ಹಗುರಾಗುತ್ತೆ, ಅಡ್ಡ ಜಾರುತ್ತೆ. ಪಕ್ಕದಲ್ಲೇ ನಾಲೆ.

ಅದಕ್ಕೇ ಎರಡೇ ಹೊಸ ಟೈರ್ ತಗೊಂಡರೆ ಹಿಂದಕ್ಕೆ ಹಾಕಿಸ್ತೀನಿ. ‘ಸವೆಯೋದು ಮುಂದಿನದಲ್ವಾ ಸಾರ್’ ಅಂತಾರೆ ಅಂಗಡಿಯವರು. ನಿಜವೇ, ಆದರೆ ಕಾರು ತಿರುಗಿ ನಿಲ್ಲೋದು ಹಿಂದಿನದು ಜಾರಿದಾಗ. ಹಿಮ ಬೀಳುವ ದೇಶಗಳಲ್ಲಿ ವಿಂಟರ್ ಟೈರನ್ನು ನಾಲ್ಕಕ್ಕೂ ಹಾಕಿ ಅನ್ನೋದೂ ಇದಕ್ಕೇ. (7 ಡಿಗ್ರಿಗಿಂತ ಕೆಳಗೂ ಮೆತ್ತಗಿರೋ ರಬ್ಬರ್ ಅದು, ನಮ್ಮ ಬಿಸಿಲಿಗೆ ಬೇಗ ಸವೆಯುತ್ತೆ, ನಮಗೆ ಬೇಡ.) ಟೈರಿನ ಬಟನ್ (ಮೇಲ್ಮೈ ಗೀರು) ಆಳ 1.6 ಮಿ.ಮೀ. ಇದ್ದರೆ ಕಾನೂನಿಗೆ ಸಾಕು, ಮಳೆಗೆ ಸಾಲದು. 3 ಮಿ.ಮೀ.ಗೆ ಬಂದಾಗಲೇ ಬದಲಿಸ್ತೀನಿ.

ಕೆಸರಿಗಿಂತ ಮೋಸದ್ದು ಟಾರು ರಸ್ತೆ. ಕಬ್ಬಿನ ಟ್ರ್ಯಾಕ್ಟರ್ ಚಕ್ರದಿಂದ ಉದುರಿದ ಗದ್ದೆ ಮಣ್ಣು ಅಲ್ಲೇ ಒಣಗಿರುತ್ತೆ. ಜೋರು ಮಳೆ ತೊಳೆದುಬಿಡುತ್ತೆ. ತುಂತುರು ಬಿದ್ದರೆ ಮಾತ್ರ ಸೋಪು ಸವರಿದ ಹಾಗೆ. ಆ ಪಟ್ಟೆ ಸಿಗೋ ಮುಂಚೆಯೇ ವೇಗ ಇಳಿಸಿ, ಅದರ ಮೇಲೆ ಬ್ರೇಕ್ ಮುಟ್ಟಬಾರದು, ಸ್ಟೀರಿಂಗ್ ಎಳೆಯಬಾರದು.

ಗದ್ದೆ ದಾರಿಗೆ ಇಳಿಯೋ ಮುಂಚೆ, ಹಿಡಿತ ಹೆಚ್ಚಲಿ ಅಂತ, ಟೈರಲ್ಲಿ 33 ಪಿಎಸ್ಐ ಇದ್ದ ಗಾಳಿಯನ್ನು 24ಕ್ಕೆ ಇಳಿಸ್ತೀನಿ. 20ಕ್ಕಿಂತ ಕಡಿಮೆ ಮಾಡಿದರೆ ಟ್ಯೂಬ್‌ಲೆಸ್ ಟೈರು ಚಕ್ರದ ಜಾಡಿಗೆ ಒರಗಿ ರಿಮ್ ಬಿಡೋ ಅಪಾಯ. ಮತ್ತೆ ಗಾಳಿ ತುಂಬೋವರೆಗೂ 30 ಕಿ.ಮೀ. ವೇಗ ದಾಟಬೇಡಿ.

ಹೂತುಕೊಂಡರೆ ಒಂದು ಚಕ್ರ ಗಿರ್ರನೆ ತಿರುಗುತ್ತೆ, ಇನ್ನೊಂದು ಸುಮ್ಮನಿರುತ್ತೆ. ಎಂಜಿನ್ ಬಲವನ್ನು ಎರಡು ಚಕ್ರಕ್ಕೂ ಹಂಚೋ ಡಿಫರೆನ್ಷಿಯಲ್ ಕೆಲಸವೇ ಹಾಗೆ: ಜಾರೋ ಚಕ್ರಕ್ಕೆ ಎಷ್ಟು ಬಲ ಹಿಡಿಸುತ್ತೋ ಇನ್ನೊಂದಕ್ಕೂ ಅಷ್ಟೇ. ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ. ಸ್ಟೀರಿಂಗ್ ನೇರ ಮಾಡಿ, ತಿರುಗೋ ಚಕ್ರದ ಮುಂದಿನ ಮಣ್ಣು ಕೆರೆದು, ಗೋಣಿಚೀಲವೋ ಒಣ ಕಬ್ಬಿನ ತರಗೋ ತುರುಕಿ, ಎರಡನೇ ಗೇರಲ್ಲಿ ಕ್ಲಚ್ ನಿಧಾನ ಬಿಡಿ. ಚೀಲ ಹಾರುತ್ತೆ, ಚಕ್ರದ ನೇರಕ್ಕೆ ಯಾರೂ ನಿಲ್ಲಬೇಡಿ. ಎಷ್ಟೋ ಸಲ ಬಂದ ಜಾಡಲ್ಲೇ ರಿವರ್ಸ್ ಹೋಗೋದು ಸುಲಭ, ಅಲ್ಲಿ ಮಣ್ಣು ಆಗಲೇ ಒತ್ತಿರುತ್ತೆ.

ಡಿಕ್ಕಿಯಲ್ಲಿ ಇಬ್ಬರನ್ನು ಕೂರಿಸೋದು ಹಿಂದಿನ ಚಕ್ರ ಓಡಿಸೋ ಅಂಬಾಸಿಡರ್ ಕಾಲದ ಉಪಾಯ. ಇಲ್ಲಿ ಅದರಿಂದ ಮುಂದಿನ ಚಕ್ರ ಇನ್ನೂ ಹಗುರ. ಏರು ಹತ್ತದಿದ್ದರೂ ಅಷ್ಟೇ, ಜಾಗ ಇದ್ದರೆ ಕಾರು ತಿರುಗಿಸಿ ರಿವರ್ಸಲ್ಲಿ ಹತ್ತಿಸಿ. ಭಾರ ಎಳೆಯೋ ಚಕ್ರದ ಮೇಲೇ ಬೀಳುತ್ತೆ.

ಆಮೇಲೆ ಮೈಸೂರು ಹೆದ್ದಾರಿಯಲ್ಲಿ 80ರ ಹತ್ತಿರ ಸ್ಟೀರಿಂಗ್ ನಡುಗಿದರೆ, ವೀಲ್ ಬ್ಯಾಲೆನ್ಸಿಂಗ್‌ಗೆ ದುಡ್ಡು ಕೊಡೋ ಮುಂಚೆ ರಿಮ್ ಒಳಗೆ ಒಣಗಿ ಕೂತಿರೋ ಮಣ್ಣು ಕೆರೆದು ನೋಡಿ.