ಲಾನ್ ಮೂವರ್ ಹಿಂದೆ ಎಳೆಯಲು ಕಾಂಕ್ರೀಟ್ ರೋಲರ್

ಮಳೆಗಾಲ ಮುಗಿಯುವ ಹೊತ್ತಿಗೆ ಹೋಂಸ್ಟೇ ಅಂಗಳ, ಶಾಲೆ ಮೈದಾನಗಳ ಹುಲ್ಲುಹಾಸು ಎರೆಹುಳುವಿನ ಮಣ್ಣುಗುಪ್ಪೆ, ದನದ ಗೊರಸಿನ ಗುರುತುಗಳಿಂದ ಉಬ್ಬುತಗ್ಗಾಗಿರುತ್ತದೆ. ಕೂತು ಓಡಿಸುವ ಲಾನ್ ಮೂವರ್ ಇದ್ದರೆ ಅದರ ಹಿಂದೆ ಸಿಕ್ಕಿಸಿ ಎಳೆಯುವ ರೋಲರನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿಕೊಳ್ಳಬಹುದು.

ಕಬ್ಬಿಣ ಕೊಳ್ಳುವ ಮೊದಲು ಮೂವರ್‌ನ ಕೈಪಿಡಿ ತೆಗೆದು, ಎಷ್ಟು ತೂಕ ಎಳೆಯಬಹುದು ಎಂದು ನೋಡಿ. ‘17 ಎಚ್‌ಪಿ ಎಂಜಿನ್ ಇದೆ, ಎಳೆಯದೇ ಏನು?’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎಂಜಿನ್ ಎಳೆಯುತ್ತದೆ, ಸೋಲುವುದು ಗೇರ್‌ಬಾಕ್ಸ್ ಮತ್ತು ಬ್ರೇಕ್. ಹೈಡ್ರೋಸ್ಟ್ಯಾಟಿಕ್ (ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ) ಗೇರ್‌ಬಾಕ್ಸ್ ಆದರೆ ಮಿತಿಮೀರಿದ ಭಾರಕ್ಕೆ ಒಳಗಿನ ಎಣ್ಣೆ ಕಾದು ತೆಳುವಾಗಿ, ಏರು ಬಂದಾಗ ಗಾಡಿ ಮುಂದೆ ಹೋಗುವುದೇ ಇಲ್ಲ. ಇಳಿಜಾರಿನಲ್ಲಿ ಇದಕ್ಕೆ ತದ್ವಿರುದ್ಧ. ಹಿಂದಿನ ಭಾರ ಗಾಡಿಯನ್ನೇ ದೂಡಿಕೊಂಡು ಹೋಗುತ್ತದೆ. ಕೆಳಗಿನ ಅಳತೆಯ ರೋಲರ್ ಚೌಕಟ್ಟು ಸೇರಿ ಸುಮಾರು 125 ಕೆ.ಜಿ. ತೂಗುತ್ತದೆ. ಕೈಪಿಡಿಯ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಉದ್ದ ಕಡಿಮೆ ಮಾಡಿ, ಪ್ರತಿ 10 ಸೆಂ.ಮೀ.ಗೆ 11 ಕೆ.ಜಿ. ಇಳಿಯುತ್ತದೆ.

ಗುಜರಿಯ 200 ಲೀಟರ್ ಡ್ರಮ್ಮಿಗೆ ಆಕ್ಸಲ್ ಹಾಕಿ ನೀರು ತುಂಬುವ ಯೋಚನೆ ಎಲ್ಲರಿಗೂ ಮೊದಲು ಬರುತ್ತದೆ. ಬೇಡ. ತುಂಬಿದರೆ ನೀರೇ 200 ಕೆ.ಜಿ.; ಅರ್ಧ ತುಂಬಿದರೆ ತಿರುವಿನಲ್ಲಿ, ಬ್ರೇಕ್ ಹಾಕಿದಾಗ ತುಳುಕಿ ಎಳೆದಾಡುತ್ತದೆ. ಅದಕ್ಕಿಂತ ದೊಡ್ಡ ಅಪಾಯ ವೆಲ್ಡಿಂಗಿನದು. ಡೀಸೆಲ್, ಥಿನ್ನರ್, ಎಣ್ಣೆ ಇದ್ದ ಡ್ರಮ್ ಖಾಲಿ ಕಂಡರೂ ಒಳಗೆ ಆವಿ ಉಳಿದಿರುತ್ತದೆ. ಕಿಡಿ ತಾಗಿದರೆ ಬಾಂಬಿನಂತೆ ಸಿಡಿಯುತ್ತದೆ.

ಬೇಕಾಗುವ ಸಾಮಾನು: 250 ಮಿ.ಮೀ. ಪಿವಿಸಿ ಪೈಪು 900 ಮಿ.ಮೀ. ಉದ್ದ, 25 ಮಿ.ಮೀ. ಬ್ರೈಟ್ ಬಾರ್ (ನಯವಾದ ದುಂಡು ಸರಳು) 1,100 ಮಿ.ಮೀ., ಯುಸಿಪಿ 205 ಪ್ಲಮ್ಮರ್ ಬ್ಲಾಕ್ (ಆಕ್ಸಲ್ ಕೂರುವ ಬೇರಿಂಗ್ ಗೂಡು) ಎರಡು, 50x50x6 ಆಂಗಲ್ 3 ಮೀಟರ್, 40x40x3 ಚೌಕ ಪೈಪು ಎರಡೂಕಾಲು ಮೀಟರ್, 10 ಮಿ.ಮೀ. ಕಂಬಿ ತುಂಡುಗಳು, 10 ಮಿ.ಮೀ. ದಪ್ಪದ ಫ್ಲ್ಯಾಟ್ (ಚಪ್ಪಟೆ ಕಬ್ಬಿಣದ ಪಟ್ಟಿ) ಒಂದು ಗೇಣು. ಆಕ್ಸಲ್‌ಗೆ ಬ್ರೈಟ್ ಬಾರೇ ಬೇಕು. ಸಾಮಾನ್ಯ ಕರಿ ಸರಳು ಪೂರ್ತಿ ದುಂಡಗಿರುವುದಿಲ್ಲ, ಬೇರಿಂಗಿನೊಳಗೆ ಹೋಗುವುದಿಲ್ಲ. ಹೋಗಲೆಂದು ಗ್ರೈಂಡರ್ ಹಿಡಿದರೆ ಸಡಿಲಾಗಿ ಕಟಕಟ ಸದ್ದು ಶುರುವಾಗುತ್ತದೆ.

ಮೊದಲು ಆಕ್ಸಲ್. ಕಾಂಕ್ರೀಟಿನೊಳಗೆ ಬರೇ ಸರಳು ನಿಂತರೆ ಕೆಲವೇ ದಿನಗಳಲ್ಲಿ ಹಿಡಿತ ಬಿಟ್ಟು ಅದೊಂದೇ ತಿರುಗುತ್ತದೆ. ಆದ್ದರಿಂದ ನಡುವೆ ಒಂದು, ಎರಡೂ ಬದಿಯಲ್ಲಿ 30 ಸೆಂ.ಮೀ. ದೂರಕ್ಕೆ ಒಂದೊಂದರಂತೆ ಮೂರು ಕಡೆ 20 ಸೆಂ.ಮೀ. ಕಂಬಿಯನ್ನು ಅಡ್ಡಡ್ಡ ಶಿಲುಬೆಯಾಕಾರದಲ್ಲಿ ವೆಲ್ಡ್ ಮಾಡಿ. ಒಂದೇ ಮಗ್ಗುಲಿಗೆ ಎಳೆದು ವೆಲ್ಡ್ ಮಾಡಿದರೆ ಬಿಸಿಗೆ ಸರಳು ಬಿಲ್ಲಾಗುತ್ತದೆ. ಎದುರುಬದುರಾಗಿ ಸಣ್ಣ ಟ್ಯಾಕ್ (ಚುಕ್ಕೆ ವೆಲ್ಡ್) ಹಾಕುತ್ತ ಹೋಗಿ. ಪೈಪಿನ ಸುತ್ತ ರಂಧ್ರ ಕೊರೆದು, 25 ಮಿ.ಮೀ. ಉದ್ದದ ಇಪ್ಪತ್ತು ಸ್ಕ್ರೂಗಳನ್ನು ಹೊರಗಿನಿಂದ ಒಳಕ್ಕೆ ತಿರುಗಿಸಿ, ತಲೆ ಮೇಲ್ಮೈಯೊಳಗೆ ಹುದುಗುವಂತೆ ಕೂರಿಸಿ. ಕಾಂಕ್ರೀಟು ಒಣಗಿ ಕುಗ್ಗಿದಾಗ ನುಣುಪಾದ ಪಿವಿಸಿ ಕಳಚಿಕೊಳ್ಳದಂತೆ ತಡೆಯುವುದು ಈ ಸ್ಕ್ರೂಗಳೇ.

ದಪ್ಪ ಪ್ಲೈವುಡ್ಡಿಗೆ 26 ಮಿ.ಮೀ. ತೂತು ಕೊರೆದು ಎರಡು ಇಟ್ಟಿಗೆ ಸಾಲಿನ ಮೇಲೆ ಇಡಿ. ಅದರ ಮೇಲೆ ಪೈಪು ನಿಲ್ಲಿಸಿ, ಆಕ್ಸಲ್ 10 ಸೆಂ.ಮೀ. ಕೆಳಗಿಳಿಯುವಂತೆ ತೂರಿಸಿ. ಮೇಲೂ ತೂತಿರುವ ಅಡ್ಡಪಟ್ಟಿ ಬಿಗಿದು, ರಸಮಟ್ಟ ಹಿಡಿದು ಆಕ್ಸಲ್, ಪೈಪು ಎರಡೂ ನೆಟ್ಟಗಿವೆಯೇ ನೋಡಿ. ಅರ್ಧ ಸೆಂ.ಮೀ. ಓರೆಯಾದರೂ ರೋಲರ್ ಪ್ರತಿ ಸುತ್ತಿಗೆ ಕುಂಟುತ್ತದೆ, ಆಮೇಲೆ ಅದಕ್ಕೆ ಮದ್ದಿಲ್ಲ. 12 ಲೀಟರ್ ಸಿಮೆಂಟ್, 18 ಲೀಟರ್ ಎಂ-ಸ್ಯಾಂಡ್, 36 ಲೀಟರ್ 12 ಮಿ.ಮೀ. ಜಲ್ಲಿ, 8 ಲೀಟರ್ ನೀರು ಸಾಕು. ಸುರಿಯಲು ಸುಲಭವೆಂದು ನೀರು ಹೆಚ್ಚು ಹಾಕಿದರೆ ಜಲ್ಲಿ ಕೆಳಗೆ ಕೂತು ಒಂದು ತುದಿ ಭಾರವಾಗುತ್ತದೆ. ಒಂದು ಗೇಣಿನಷ್ಟು ಸುರಿದು, ಸರಳಿನಿಂದ ಕುಟ್ಟಿ, ಪೈಪನ್ನು ಹೊರಗಿನಿಂದ ತಟ್ಟಿ ಗಾಳಿ ಬಿಡಿಸಿ, ಆಮೇಲೆ ಮುಂದಿನ ಗೇಣು. ಏಳು ದಿನ ಅಲುಗಿಸದೆ ಮೇಲ್ತುದಿಗೆ ಒದ್ದೆ ಗೋಣಿ ಹಾಕಿಡಿ. ಮಲಗಿಸಿದ ಮೇಲೂ ಇನ್ನೊಂದು ವಾರ ಎರಡೂ ತುದಿಗೆ ನೀರುಣಿಸಿ. ಪೈಪಿನ ಅಂಚನ್ನು ಅರದಿಂದ ದುಂಡಗೆ ಮಾಡದಿದ್ದರೆ ಹುಲ್ಲಿನ ಮೇಲೆ ರೈಲು ಹಳಿಯಂತೆ ಎರಡು ಗೆರೆ ಬೀಳುತ್ತವೆ.

ಚೌಕಟ್ಟಿನ ಪಕ್ಕದ ಆಂಗಲ್‌ಗಳು 40 ಸೆಂ.ಮೀ., ಅಡ್ಡದವು 107 ಸೆಂ.ಮೀ. ಬ್ಲಾಕುಗಳನ್ನು ಆಂಗಲ್‌ನ ಕೆಳಮೈಗೆ, ನಡುವಿನಿಂದ ನಡುವಿಗೆ 102 ಸೆಂ.ಮೀ. ಬರುವಂತೆ 10 ಮಿ.ಮೀ. ಬೋಲ್ಟಿನಲ್ಲಿ ಬಿಗಿಯಿರಿ. ಹೀಗೆ ಮಾಡಿದರೆ ಚೌಕಟ್ಟು ಬ್ಲಾಕಿನ ಮೇಲೆ ಕೂರುತ್ತದೆ, ಭಾರ ಬೋಲ್ಟಿಗೆ ಜೋತುಬೀಳುವುದಿಲ್ಲ. ಮುಂದಕ್ಕೆ ಎರಡು ಚೌಕ ಪೈಪುಗಳನ್ನು ವಿ ಆಕಾರದಲ್ಲಿ ಸೇರಿಸಿ, ತುದಿಗೆ ಫ್ಲ್ಯಾಟ್ ವೆಲ್ಡ್ ಮಾಡಿ, ಮೂವರ್‌ನ ಕೊಕ್ಕೆಫಲಕದ ತೂತಿನ ಅಳತೆಗೆ ಕೊರೆಯಿರಿ. ಆ ತೂತಿನಿಂದ ಚೌಕಟ್ಟಿಗೆ ಕನಿಷ್ಠ ಒಂದು ಮೀಟರ್ ಅಂತರವಿರಲಿ, ಗಿಡ್ಡವಾದರೆ ತಿರುವಿನಲ್ಲಿ ಮೂಲೆ ಟೈರಿಗೆ ತಾಗುತ್ತದೆ. ಇಷ್ಟು ಉದ್ದವಿದ್ದರೂ ತೀರಾ ಕಿರಿದಾಗಿ ತಿರುಗಿಸುವುದು, ರೋಲರ್ ಸಮೇತ ರಿವರ್ಸ್ ತೆಗೆಯುವುದು ಬೇಡ. ಪಿನ್ನಿಗೆ ಕ್ಲಿಪ್ ಹಾಕುವುದು ಮರೆಯಬೇಡಿ. ಮೂವರ್‌ಗೆ ಮಾತ್ರ ಏನನ್ನೂ ವೆಲ್ಡ್ ಮಾಡಬಾರದು: ಪೆಟ್ರೋಲ್ ಟ್ಯಾಂಕು, ವೈರಿಂಗು ಅಲ್ಲೇ ಪಕ್ಕದಲ್ಲಿರುತ್ತವೆ.

ಎಳೆಯುವಾಗ ಬ್ಲೇಡ್ ನಿಲ್ಲಿಸಿ, ಡೆಕ್ (ಬ್ಲೇಡಿನ ಮೇಲಿನ ಕವಚ) ಮೇಲೆತ್ತಿರಬೇಕು. ಇಳಿಜಾರು ಅಳೆಯಲು ಒಂದು ಮೀಟರ್ ಉದ್ದದ ನೇರ ಪಟ್ಟಿಯ ಒಂದು ತುದಿ ನೆಲಕ್ಕೆ ತಾಗಿಸಿ, ರಸಮಟ್ಟಕ್ಕೆ ಸರಿಯಾಗಿ ಹಿಡಿಯಿರಿ. ಇನ್ನೊಂದು ತುದಿಯ ಕೆಳಗಿನ ಅಂತರ 9 ಸೆಂ.ಮೀ. ದಾಟಿದರೆ ಅಲ್ಲಿ ಈ ರೋಲರ್ ಒಯ್ಯಬೇಡಿ.

ಮಣ್ಣಿನ ಹದವೂ ನೋಡಬೇಕು. ಒಂದು ಹಿಡಿ ಮಣ್ಣು ಒತ್ತಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಕೈಗೆ ಅಂಟಿದರೆ ಇನ್ನೆರಡು ದಿನ ಕಾಯಿರಿ. ಜೇಡಿಮಣ್ಣಿನ ನೆಲವನ್ನು ಹಸಿ ಇರುವಾಗ ಉರುಳಿಸಿದರೆ ಬೇರಿಗೆ ಗಾಳಿಯಾಡದೆ ಹುಲ್ಲು ಹಳದಿಯಾಗುತ್ತದೆ, ಮುಂದಿನ ಮಳೆಗೆ ನೀರು ಅಲ್ಲೇ ನಿಲ್ಲುತ್ತದೆ. ನಡಿಗೆಯ ವೇಗದಲ್ಲಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಎಳೆದರೆ ಮುಗಿಯಿತು. ಎರಡು ಇಂಚಿನ ಗುಂಡಿ ಇದರಿಂದ ಸಮವಾಗುವುದಿಲ್ಲ, ಅದಕ್ಕೆ ಮಣ್ಣೇ ತುಂಬಬೇಕು. ಕ್ರಿಕೆಟ್ ಪಿಚ್ಚಿಗಂತೂ ಇದು ಆಟಿಕೆ.