ಒಂದು ಹನಿಯಲ್ಲಿ ವೋಲ್ಟಾಮೆಟ್ರಿ

ವೋಲ್ಟಾಮೆಟ್ರಿ ಅಂದರೆ ದ್ರಾವಣದಲ್ಲಿರುವ ಎಲೆಕ್ಟ್ರೋಡಿನ ವೋಲ್ಟೇಜ್ ಬದಲಿಸುತ್ತಾ ಹರಿಯುವ ಕರೆಂಟ್ ಅಳೆಯುವುದು. ಅದಕ್ಕೆ ನನ್ನ ಹತ್ತಿರ ಇದ್ದ ಸ್ಯಾಂಪಲ್ ಒಟ್ಟು 200 ಮೈಕ್ರೋಲೀಟರ್. ಮಾಮೂಲಿ ಗಾಜಿನ ಸೆಲ್‌ಗೆ ಸುರಿದಿದ್ದರೆ ತಳ ಒದ್ದೆಯಾಗುತ್ತಿತ್ತು ಅಷ್ಟೇ. ಹಾಗಾಗಿ ಎಲೆಕ್ಟ್ರೋಡ್‌ಗಳನ್ನೇ ಅಚ್ಚು ಹಾಕಿದ ಸ್ಕ್ರೀನ್ ಪ್ರಿಂಟೆಡ್ ಪಟ್ಟಿ ತೆಗೆದುಕೊಂಡೆ. ನಡುವೆ ಅಳತೆ ನಡೆಯುವ ಕಾರ್ಬನ್ ವರ್ಕಿಂಗ್ ಎಲೆಕ್ಟ್ರೋಡ್, ಸುತ್ತ ಬಳೆಯ ತುಂಡಿನಂತೆ ಕರೆಂಟಿನ ಸುತ್ತು ಪೂರ್ತಿ ಮಾಡುವ ಕೌಂಟರ್, ಪಕ್ಕದಲ್ಲಿ ಸಿಲ್ವರ್ ಕ್ಲೋರೈಡ್ ಬಳಿದ ರೆಫರೆನ್ಸ್ (ವೋಲ್ಟೇಜ್ ಅಳೆಯುವುದು ಇದಕ್ಕೆ ಹೋಲಿಸಿ). ಮೂರನ್ನೂ ಮುಚ್ಚುವ 40 ಮೈಕ್ರೋಲೀಟರ್ ಹನಿ ಸಾಕು.

ಮೊದಲು ಬಫರ್‌ನಲ್ಲಿ ಕರಗಿಸಿದ ಫೆರಿಸಯನೈಡ್ (ಎಲೆಕ್ಟ್ರೋಡ್ ಪರೀಕ್ಷಿಸಲು ಬಳಸುವ ಕಬ್ಬಿಣದ ಸಂಯುಕ್ತ) ಹನಿ ಇಟ್ಟು ನೋಡಿದೆ. ಪ್ರತಿ ಸಲ ಸ್ಕ್ಯಾನ್ ಮಾಡಿದಾಗಲೂ, ಅಂದರೆ ವೋಲ್ಟೇಜನ್ನು ಒಂದು ಸುತ್ತು ಬದಲಿಸಿದಾಗಲೂ, ಕರೆಂಟಿನ ಗೆರೆಯ ಶಿಖರ, ಪೀಕ್, ಸ್ವಲ್ಪ ಎತ್ತರ. ಎಲೆಕ್ಟ್ರೋಡ್ ಪಳಗುತ್ತಿದೆ ಅಂತ ಖುಷಿಪಟ್ಟೆ. ಆಮೇಲೆ ಅನುಮಾನ ಬಂದು ಹನಿ ಸಮೇತ ಪಟ್ಟಿಯನ್ನು ತಕ್ಕಡಿ ಮೇಲಿಟ್ಟೆ. ಕಣ್ಣೆದುರೇ ಕೊನೆಯ ಅಂಕಿಗಳು ಇಳಿಯುತ್ತಿದ್ದವು! ಹನಿ ಆರುತ್ತಿತ್ತು. ಕಾಲು ಭಾಗ ನೀರು ಹೋದರೆ ಸಾಂದ್ರತೆ ಮೂರನೇ ಒಂದರಷ್ಟು ಏರುತ್ತದೆ, ಪೀಕೂ ಅದರ ಹಿಂದೆಯೇ. ಈಗ ಪೆಟ್ರಿ ಡಿಶ್ಶಿನೊಳಗೆ ಒದ್ದೆ ಟಿಶ್ಯೂ ಇಟ್ಟು, ಮುಚ್ಚಿ, ಹತ್ತು ನಿಮಿಷ ಬಿಟ್ಟು ಆಮೇಲೇ ಹನಿ ಹಾಕುತ್ತೇನೆ.

ನಿಜವಾಗಿ ಕಾಡಿದ್ದು ರೆಫರೆನ್ಸ್. ದೊಡ್ಡ ಸೆಲ್‌ನಲ್ಲಿ ಅದಕ್ಕೆ ತನ್ನದೇ ಪೊಟ್ಯಾಸಿಯಮ್ ಕ್ಲೋರೈಡ್ ಇರುತ್ತದೆ. ಪಟ್ಟಿಯಲ್ಲಿ ಅದು ನೇರ ಸ್ಯಾಂಪಲ್ಲಿನಲ್ಲೇ ನೆನೆಯುತ್ತದೆ. ಸ್ಯಾಂಪಲ್ ಉಳಿಸೋಣ ಅಂತ ಒಂದಿಷ್ಟನ್ನು ನೀರು ಬೆರೆಸಿ ಹತ್ತು ಪಟ್ಟು ತೆಳು ಮಾಡಿದೆ. ಪೀಕ್ ಸುಮಾರು 55 ಮಿಲಿವೋಲ್ಟ್ ನೆಗೆಟಿವ್ ಕಡೆಗೆ ಜಾರಿತು. ಹೊಸದೇನೋ ಸಿಕ್ಕಿತು ಅಂತ ಎರಡು ದಿನ ಹಾರಾಡಿದೆ. ಕ್ಲೋರೈಡ್ ಹತ್ತನೇ ಒಂದಕ್ಕೆ ಇಳಿದರೆ ಆ ರೆಫರೆನ್ಸೇ 59 ಮಿಲಿವೋಲ್ಟ್‌ನಷ್ಟು ಸರಿಯುತ್ತದೆ ಅನ್ನೋದು ಪುಸ್ತಕದಲ್ಲಿ ಓದಿದ್ದೇ, ಹೊಳೆಯಲಿಲ್ಲ ಅಷ್ಟೇ. ಒಳ್ಳೆಯ ಗಾಜಿನ ರೆಫರೆನ್ಸ್ ಅದ್ದಿಯೂ ನೋಡಿದೆ. ಅದರ ತುದಿಯಿಂದ ಉಪ್ಪು ಸೋರಿ ಹನಿಯೇ ಕೆಟ್ಟಿತು. 10 ಮಿಲಿಲೀಟರ್‌ನಲ್ಲಿ ಆ ಸೋರಿಕೆ ಯಾರ ಗಮನಕ್ಕೂ ಬರಲ್ಲ.

ಕೊನೆಗೆ ಸ್ಯಾಂಪಲ್, ಸ್ಟ್ಯಾಂಡರ್ಡ್ (ಸಾಂದ್ರತೆ ಗೊತ್ತಿರುವ ದ್ರಾವಣ), ಬ್ಲಾಂಕ್ (ಅಳೆಯುವ ವಸ್ತುವೇ ಇಲ್ಲದ್ದು) ಎಲ್ಲದರಲ್ಲೂ ಒಂದೇ ಮಟ್ಟದ ಪೊಟ್ಯಾಸಿಯಮ್ ಕ್ಲೋರೈಡ್, 0.1 ಮೋಲಾರ್, ಇಟ್ಟೆ. ಅಳತೆ ಮುಗಿದ ಮೇಲೆ ಅದೇ ಹನಿಗೆ ಚೂರು ಫೆರಿಸಯನೈಡ್ ಸೇರಿಸಿ, ಅದರ ಪೀಕ್ ತನ್ನ ಜಾಗದಲ್ಲೇ ಇದೆಯಾ ಅಂತ ನೋಡುತ್ತೇನೆ.

ಕವರ್ ಸ್ಲಿಪ್ ಒತ್ತಿ 10 ಮೈಕ್ರೋಲೀಟರ್‌ನಲ್ಲೇ ಮುಗಿಸುವ ಆಸೆಯೂ ಇತ್ತು. ಒಂದು ಚದರ ಸೆಂಟಿಮೀಟರ್ ಮೇಲೆ ಅದು ಬರೀ 0.1 ಮಿಲಿಮೀಟರ್ ದಪ್ಪದ ಪದರ. ನಿಧಾನ ಸ್ಕ್ಯಾನ್‌ನಲ್ಲಿ ಎಲೆಕ್ಟ್ರೋಡ್ ಮೇಲಿನ ಫೆರಿಸಯನೈಡ್ ಪೂರ್ತಿ ಖಾಲಿಯಾಗಿ, ಪೀಕ್ ಸ್ಕ್ಯಾನ್ ವೇಗದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ ಅನ್ನೋ ಲೆಕ್ಕ ಕೈಕೊಟ್ಟಿತು. ಸೆಕೆಂಡಿಗೆ 100 ಮಿಲಿವೋಲ್ಟ್‌ಗೆ ಏರಿಸಿದಾಗ ಸರಿಹೋಯಿತು. ಆದರೆ ಗಾಜಿನಡಿ ಗುಳ್ಳೆ ಸಿಕ್ಕಿಕೊಳ್ಳೋದು ಜಾಸ್ತಿ. ಹಾಗಾಗಿ ಉಳಿದ ಸ್ಯಾಂಪಲ್ಲನ್ನು ತೆರೆದ ಹನಿಯಲ್ಲೇ ಅಳೆದೆ.